ತೋಳಿನ ಮೇಲಿನ ಕಲೆ, ಚಾರ್ಟಿನಲ್ಲಿದ್ದ ಸಾಲು: ಒಂಟಾರಿಯೋ ಆಸ್ಪತ್ರೆಗೆ ನಾನು ಕೊಟ್ಟ ದೂರು

ಹೋದ ವಾರ ಆಸ್ಪತ್ರೆಯಿಂದ ಕೊನೆಯ ಪತ್ರ ಬಂತು. ನನ್ನ ಫೈಲು ಮುಚ್ಚಿದ್ದೇವೆ ಅಂತ ಬರೆದಿದ್ದಾರೆ. ಕಬ್ಬಿಣದಂಶದ ಡ್ರಿಪ್ ಸೋರಿ ತೋಳಿನಲ್ಲಿ ಕಲೆ ಉಳಿದದ್ದಕ್ಕೆ, ಅದು ಚಾರ್ಟಿನಲ್ಲಿ, ಅಂದರೆ ಆಸ್ಪತ್ರೆಯ ಚಿಕಿತ್ಸಾ ದಾಖಲೆಯಲ್ಲಿ, ಇಲ್ಲದ್ದಕ್ಕೆ ನಾನು ಕೊಟ್ಟ ದೂರಿನ ಫೈಲು. ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಆಸ್ಪತ್ರೆ ಮೇಲೆ ದೂರು ಕೊಡೋದು ಹೇಗೆ, ಯಾರಿಗೆ ಕೊಡಬೇಕು, ಎಷ್ಟು ಖರ್ಚಾಗುತ್ತೆ ಅಂತ ನಾನು ಕೇಳಿದಾಗ ನಮ್ಮ ಕನ್ನಡದ ಬಳಗದಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. "ಬಿಟ್ಹಾಕಿ, ಇಲ್ಲಿ ಏನೂ ಆಗಲ್ಲ" ಅಂದವರೇ ಜಾಸ್ತಿ. ಏನೂ ಆಗಲ್ಲ ಅನ್ನೋದು ಸುಳ್ಳು. ಬೇಗ ಆಗಲ್ಲ ಅನ್ನೋದು ಮಾತ್ರ ನಿಜ. ಹಾಗಾಗಿ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ನನಗೆ ಮುಟ್ಟಿನ ತೊಂದರೆ ಕೆನಡಾಕ್ಕೆ ಬರುವುದಕ್ಕೆ ಮುಂಚಿನಿಂದಲೂ ಇತ್ತು. ತಿಂಗಳಲ್ಲಿ ಒಂದು ವಾರ ರಕ್ತ ನಿಲ್ಲುತ್ತಿರಲಿಲ್ಲ. ಮೊದಲ ಎರಡು ದಿನ ಗಂಟೆಗೊಂದು ಪ್ಯಾಡ್. ಹಾಸನದಿಂದ ಅಮ್ಮ ಫೋನಿನಲ್ಲಿ ಹೇಳುತ್ತಿದ್ದದ್ದು ಒಂದೇ ಮಾತು: "ನಮ್ಮನೇಲಿ ಎಲ್ರಿಗೂ ಹಂಗೇ ಕಣೆ, ಬೀಟ್‌ರೂಟ್ ತಿನ್ನು." ಎಲ್ಲರಿಗೂ ಹಾಗೇ ಇದ್ದರೆ ಅದು ಕಾಯಿಲೆ ಅಲ್ಲ ಅಂತ ನಾವಂದುಕೊಂಡುಬಿಟ್ಟಿರುತ್ತೇವೆ. ಮನೆತನದಲ್ಲೇ ರಕ್ತ ಹೆಪ್ಪುಗಟ್ಟುವ ತೊಂದರೆ ಇರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ. ಕಿಂಗ್‌ಸ್ಟನ್‌ನ ಕ್ವೀನ್ಸ್ ವಿಶ್ವವಿದ್ಯಾಲಯದವರು 'ಲೆಟ್ಸ್ ಟಾಕ್ ಪೀರಿಯಡ್' ಅಂತ ಒಂದು ತಾಣ ನಡೆಸುತ್ತಾರೆ. ನಿಮಗಾಗುವ ರಕ್ತಸ್ರಾವ ಮಾಮೂಲಿನದೋ ಅಲ್ಲವೋ ಅಂತ ಅಲ್ಲಿ ಕೆಲವು ಪ್ರಶ್ನೆಗಳಿಗೆ ಉತ್ತರಿಸಿ ತಿಳಿದುಕೊಳ್ಳಬಹುದು. ಆ ಫಲಿತಾಂಶವನ್ನು ಪ್ರಿಂಟ್ ತೆಗೆದು ಡಾಕ್ಟರ ಕೈಗೆ ಕೊಡಿ. ಬಾಯಲ್ಲಿ "ತುಂಬಾ ಹೋಗುತ್ತೆ" ಅಂದಾಗ ಕೇಳದವರು ಅಂಕ ನೋಡಿದಾಗ ಕೇಳಿದರು.

ಇಲ್ಲಿಗೆ ಬಂದ ಮೇಲೆ ಫ್ಯಾಮಿಲಿ ಡಾಕ್ಟರ್ ಸಿಗುವುದೇ ಒಂದು ದೊಡ್ಡ ಕಥೆ. ಸರ್ಕಾರದ 'ಹೆಲ್ತ್ ಕೇರ್ ಕನೆಕ್ಟ್' ಪಟ್ಟಿಯಲ್ಲಿ ಹೆಸರು ಹಾಕಿಸಿ ಕಾದೆವು. ಅಲ್ಲಿಯವರೆಗೆ ವಾಕ್‌-ಇನ್ ಕ್ಲಿನಿಕ್ಕೇ ಗತಿ. ಪ್ರತಿ ಸಲ ಬೇರೆ ಡಾಕ್ಟರ್. ಒಂದು ಕ್ಲಿನಿಕ್ಕಿನ ಗೋಡೆಯಲ್ಲಿ 'ಒಂದು ಭೇಟಿಗೆ ಒಂದೇ ಸಮಸ್ಯೆ' ಅಂತ ಬೋರ್ಡಿತ್ತು. ನನಗೆ ಸುಸ್ತು, ಕೂದಲು ಉದುರುವುದು, ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುವುದು, ಜೊತೆಗೆ ಬ್ಲೀಡಿಂಗ್. ಇದರಲ್ಲಿ ಯಾವುದು ಆ ಒಂದು ಸಮಸ್ಯೆ? ಸುಸ್ತು ಅಂದೆ. "ಹೊಸ ದೇಶ, ಚಿಕ್ಕ ಮಕ್ಕಳು, ಚಳಿಗಾಲ, ಒತ್ತಡ ಇರುತ್ತೆ" ಅಂದು ವಿಟಮಿನ್ ಡಿ ಬರೆದುಕೊಟ್ಟರು.

ಆ ಚಳಿಗಾಲದಲ್ಲಿ ನನಗೊಂದು ವಿಚಿತ್ರ ಚಟ ಹತ್ತಿತ್ತು. ಹೊರಗೆ ಮೈನಸ್ ಇಪ್ಪತ್ತು. ಒಳಗೆ ನಾನು ಫ್ರಿಜ್‌ನಿಂದ ಐಸ್ ತುಂಡು ತೆಗೆದು ಕಟುಂ ಕಟುಂ ಅಂತ ಅಗಿಯುತ್ತಾ ಕೂತಿರುತ್ತಿದ್ದೆ. ರಾತ್ರಿ ಎದ್ದು ತಿಂದದ್ದೂ ಉಂಟು. ಮಕ್ಕಳಿಗೆ ತಮಾಷೆ. ನಮ್ಮವರಿಗೆ ಹಲ್ಲಿನ ಚಿಂತೆ. ಕಬ್ಬಿಣದಂಶ ಕಡಿಮೆಯಾದವರಿಗೆ ಹೀಗೆ ಐಸ್ ತಿನ್ನುವ ಆಸೆ ಹುಟ್ಟುತ್ತೆ ಅಂತ ಆಮೇಲೆ ತಿಳಿಯಿತು. ಊರಿನಲ್ಲಿ ನಮ್ಮ ಅತ್ತೆಯೊಬ್ಬರು ಬಳಪ ತಿನ್ನುತ್ತಿದ್ದರು. ಅವರನ್ನು ನಾವೆಲ್ಲ ಎಷ್ಟು ಆಡಿಕೊಂಡಿದ್ದೆವು!

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 121 ಇತ್ತು. (ನಮ್ಮ ಕಡೆ 12.1 ಅಂತ ಬರೆಯುವುದನ್ನೇ ಇಲ್ಲಿ ಲೀಟರ್ ಲೆಕ್ಕದಲ್ಲಿ 121 ಅಂತಾರೆ. ಗಾಬರಿ ಬೇಡ.) ಮೈಯಲ್ಲಿ ಕಬ್ಬಿಣದಂಶದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಫೆರಿಟಿನ್ 11. ಕಡಿಮೆ ಅನ್ನಲು ಲ್ಯಾಬಿನವರು ಇಟ್ಟಿದ್ದ ಗೆರೆ ಅದಕ್ಕಿಂತಲೂ ಕೆಳಗಿತ್ತು, ಹಾಗಾಗಿ ರಿಪೋರ್ಟಿನಲ್ಲಿ ಎಲ್ಲವೂ ನಾರ್ಮಲ್. ಕ್ಲಿನಿಕ್ಕಿನಿಂದ ಫೋನೂ ಬರಲಿಲ್ಲ. ಏನಾದರೂ ಇದ್ದರೆ ಮಾತ್ರ ಫೋನ್ ಮಾಡುವುದು ಇಲ್ಲಿಯ ಪದ್ಧತಿ.

2024ರ ಸೆಪ್ಟೆಂಬರ್‌ನಲ್ಲಿ ಒಂಟಾರಿಯೋದ ಲ್ಯಾಬ್‌ಗಳು ದೊಡ್ಡವರ ಫೆರಿಟಿನ್‌ನ ಕೆಳಗಿನ ಮಿತಿಯನ್ನು 30ಕ್ಕೆ ಏರಿಸಿದವು. ಇದು ತಾನಾಗಿ ಆದದ್ದಲ್ಲ. ಟೊರಾಂಟೋದ ಸೇಂಟ್ ಮೈಕಲ್ಸ್ ಆಸ್ಪತ್ರೆಯ ರಕ್ತತಜ್ಞೆ ಮಿಶೆಲ್ ಶೋಲ್ಜ್‌ಬರ್ಗ್ ಮತ್ತು ಅವರ ಜೊತೆಯವರು ಹಿಂದೆ ಬಿದ್ದು ಮಾಡಿಸಿದ ಕೆಲಸ. ಅವರ ವಾದ ಸರಳ: ಕಬ್ಬಿಣದಂಶ ಕಡಿಮೆ ಇರುವ ಹೆಂಗಸರು ಬಹಳ ಜನ ಇದ್ದಾರೆ. ಅವರನ್ನೂ ಸೇರಿಸಿ ಸರಾಸರಿ ತೆಗೆದು ಅದನ್ನೇ ನಾರ್ಮಲ್ ಅಂದರೆ ಕಾಯಿಲೆಯೇ ಅಳತೆಗೋಲಾಗುತ್ತೆ. ಮುಂದಿನ ಪರೀಕ್ಷೆಯಲ್ಲಿ ನನ್ನ ಫೆರಿಟಿನ್ ಹೆಚ್ಚು ಕಡಿಮೆ ಅಷ್ಟೇ ಇತ್ತು, ಆದರೆ ಈ ಸಲ ಎದುರಿಗೆ ಕೆಂಪು ಗುರುತು. ಅದೇ ರಕ್ತ, ಗೆರೆ ಮಾತ್ರ ಬೇರೆ. ಅಷ್ಟು ಹೊತ್ತಿಗೆ ಫ್ಯಾಮಿಲಿ ಡಾಕ್ಟರೂ ಸಿಕ್ಕಿದ್ದರು. ಕೆಂಪು ಗುರುತು ನೋಡಿದ ತಕ್ಷಣ ಎಲ್ಲಾ ಕೆಲಸವೂ ಶುರುವಾಯಿತು. ಹಳೆಯ ರಿಪೋರ್ಟ್ ಇಟ್ಟುಕೊಂಡವರು ದಯವಿಟ್ಟು ಒಮ್ಮೆ ತೆಗೆದು ಫೆರಿಟಿನ್ ಎಷ್ಟಿತ್ತು ನೋಡಿ.

ಅಲ್ಟ್ರಾಸೌಂಡ್ ಬೇಗ ಆಯಿತು. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆಗಳಿದ್ದವು. ಸ್ತ್ರೀರೋಗ ತಜ್ಞರನ್ನು ನೋಡಲು ತಿಂಗಳುಗಟ್ಟಲೆ ಕಾದೆ. ಒಂದು ಉಪಾಯ ಹೇಳುತ್ತೇನೆ: ತಜ್ಞರ ಆಫೀಸಿಗೆ ನೀವೇ ಫೋನ್ ಮಾಡಿ, ಯಾರಾದರೂ ಕೊನೇ ಗಳಿಗೆಯಲ್ಲಿ ರದ್ದು ಮಾಡಿದರೆ ಬರಲು ಸಿದ್ಧ ಅಂತ ಹೆಸರು ಬರೆಸಿ. ನಿಮ್ಮ ಡಾಕ್ಟರು ಕಳಿಸಿದ ರೆಫರಲ್ ಫ್ಯಾಕ್ಸ್ ಅವರಿಗೆ ತಲುಪಿದೆಯೇ ಅಂತಲೂ ಅದೇ ಫೋನಿನಲ್ಲಿ ಕೇಳಿ. ನನ್ನದು ತಲುಪಿರಲಿಲ್ಲ! ಹೌದು, ಈ ದೇಶದ ಆಸ್ಪತ್ರೆಗಳು ಇನ್ನೂ ಫ್ಯಾಕ್ಸ್ ಮೇಲೇ ನಿಂತಿವೆ.

ಕಬ್ಬಿಣದ ಮಾತ್ರೆ ಇಲ್ಲಿ ಚೀಟಿ ಇಲ್ಲದೆ ಸಿಗುತ್ತೆ, ಆದರೆ ಕೌಂಟರಿನ ಹಿಂದೆ ಇಟ್ಟಿರುತ್ತಾರೆ, ಫಾರ್ಮಸಿಸ್ಟನ್ನು ಕೇಳಬೇಕು. ಕಾಫಿ ಟೀ ಹಾಲಿನ ಜೊತೆ ನುಂಗಿದರೆ ಮೈಗೆ ಹತ್ತುವುದಿಲ್ಲ. ಬೆಳಗಿನ ಫಿಲ್ಟರ್ ಕಾಫಿಯನ್ನು ಮುಂದಕ್ಕೆ ಹಾಕುವುದು ನನಗೆ ಮಾತ್ರೆಗಿಂತ ಕಷ್ಟವಾಯಿತು. ದಿನ ಬಿಟ್ಟು ದಿನ ತಗೊಂಡರೂ ಹೊಟ್ಟೆ ಕೇಳಲಿಲ್ಲ. ಕೊನೆಗೆ ರಕ್ತನಾಳದ ಮೂಲಕ ಐರನ್ ಡ್ರಿಪ್ ಕೊಡೋಣ ಅಂತ ತೀರ್ಮಾನವಾಯಿತು. ಡಾಕ್ಟರ ಖರ್ಚು ಓಹಿಪ್, ಅಂದರೆ ಪ್ರಾಂತ್ಯದ ಸರ್ಕಾರಿ ಆರೋಗ್ಯ ವಿಮೆ, ನೋಡಿಕೊಳ್ಳುತ್ತೆ. ಔಷಧದ ಬಾಟಲಿ ಮಾತ್ರ ನಾವೇ ಫಾರ್ಮಸಿಯಿಂದ ಕೊಂಡು ಒಯ್ಯಬೇಕು, ಅದಕ್ಕೆ ನೂರಾರು ಡಾಲರ್. ನಮ್ಮವರ ಕಂಪನಿಯ ಇನ್ಶೂರೆನ್ಸ್ ಬಹುಪಾಲು ಕೊಟ್ಟಿತು. ಇನ್ಶೂರೆನ್ಸ್ ಇಲ್ಲದವರು ಟ್ರಿಲಿಯಂ ಡ್ರಗ್ ಪ್ರೋಗ್ರಾಮಿಗೆ ಅರ್ಜಿ ಹಾಕಿ ನೋಡಬಹುದು, ಔಷಧದ ಖರ್ಚು ಆದಾಯಕ್ಕೆ ಹೋಲಿಸಿದರೆ ಜಾಸ್ತಿಯಾದವರಿಗೆ ಅದು ಇರುವುದು.

ಇನ್ನು ಆ ದಿನದ ವಿಷಯ.

ಆಸ್ಪತ್ರೆಯ ಹೊರರೋಗಿ ವಿಭಾಗ, ಒಂದೇ ಹಾಲಿನಲ್ಲಿ ಸಾಲಾಗಿ ಕುರ್ಚಿಗಳು. ನರ್ಸ್ ಬಂದು ಬಲ ಮೊಣಕೈ ಒಳಭಾಗದಲ್ಲಿ ಸೂಜಿ ಚುಚ್ಚಿದರು. ನರ ಸಿಗಲಿಲ್ಲ. ಇನ್ನೊಮ್ಮೆ ಚುಚ್ಚಿ ಟೇಪ್ ಹಾಕಿದರು. ಚೀಲದಲ್ಲಿದ್ದ ಔಷಧ ಥೇಟ್ ಕಾಫಿ ಡಿಕಾಕ್ಷನ್ ಬಣ್ಣ. ಹನಿ ಬೀಳಲು ಶುರುವಾದ ಸ್ವಲ್ಪ ಹೊತ್ತಿಗೇ ಸೂಜಿಯ ಸುತ್ತ ಉರಿ. ಹೇಳಿದೆ. ಅವರು ದೂರದಿಂದಲೇ ನೋಡಿ "ಸ್ವಲ್ಪ ಹಾಗಾಗುತ್ತೆ, ಕೈ ಸಡಿಲ ಬಿಡಿ" ಅಂದರು. ಕೈ ಬಿಗಿಯಾಗುತ್ತಾ ಬಂತು. ಎರಡನೇ ಸಲ ಕರೆದಾಗ ಅವರು ಬೇರೆ ಕುರ್ಚಿಯಲ್ಲಿದ್ದರು. ಸ್ವೆಟರ್ ತೋಳು ಮೇಲಕ್ಕೆ ಸರಿಸಿ ನೋಡಿದರೆ ಮೊಣಕೈ ಕೆಳಗೆ ಚರ್ಮ ಉಬ್ಬಿಕೊಂಡು ಒಳಗಿನಿಂದ ಕಂದು ಬಣ್ಣ ಹರಡುತ್ತಿತ್ತು. ನಮ್ಮವರು ಎದ್ದುಹೋಗಿ ಕರೆದುಕೊಂಡು ಬಂದರು. ಆಗ ಡ್ರಿಪ್ ನಿಲ್ಲಿಸಿ, ಎಡಗೈಗೆ ಸೂಜಿ ಹಾಕಿ ಉಳಿದದ್ದನ್ನು ಕೊಟ್ಟರು. "ಹೋಗುತ್ತೆ ಬಿಡಿ" ಅಂದರು.

ಹೋಗಲಿಲ್ಲ. ಔಷಧ ನರದಿಂದ ಹೊರಗೆ ಸೋರಿದರೆ ಚರ್ಮದಲ್ಲಿ ಕಂದು ಕಲೆ ಉಳಿಯಬಹುದು, ವರ್ಷಗಟ್ಟಲೆ ಇರಬಹುದು, ಕೆಲವರಿಗೆ ಹೋಗುವುದೇ ಇಲ್ಲ. ಇದು ಗೊತ್ತಿರುವ ಅಪಾಯ, ಔಷಧದ ಕಾಗದದಲ್ಲೇ ಬರೆದಿದೆ. ನನಗೆ ಮಾತ್ರ ಯಾರೂ ಹೇಳಿರಲಿಲ್ಲ. ಒಂಟಾರಿಯೋದ 1996ರ ಆರೋಗ್ಯ ಒಪ್ಪಿಗೆ ಕಾಯ್ದೆಯ ಪ್ರಕಾರ ಚಿಕಿತ್ಸೆಗೆ ಮೊದಲು ಅದರ ಲಾಭ, ಅಪಾಯ, ಅಡ್ಡ ಪರಿಣಾಮ, ಬೇರೆ ದಾರಿ, ಮಾಡಿಸದಿದ್ದರೆ ಏನಾಗುತ್ತೆ ಎಲ್ಲವನ್ನೂ ಹೇಳಬೇಕು. ಸಹಿ ಹಾಕಿಸಿಕೊಂಡರೆ ಮುಗಿಯಲಿಲ್ಲ. ಕಲೆಯ ಫೋಟೋ ಅವತ್ತೇ ತೆಗೆದಿಟ್ಟೆವು, ಪಕ್ಕದಲ್ಲಿ ಸ್ಕೇಲ್ ಇಟ್ಟು, ತಾರೀಖು ಕಾಣುವ ಹಾಗೆ. ಇದು ನಮ್ಮವರ ತಲೆ. ಆಮೇಲೆ ತುಂಬಾ ಉಪಯೋಗಕ್ಕೆ ಬಂತು.

ದೂರು ಕೊಡಬೇಕೋ ಬೇಡವೋ ಅಂತ ಮನೆಯಲ್ಲಿ ಚರ್ಚೆ ನಡೆಯಿತು. ಅಮ್ಮನದು "ಡಾಕ್ಟ್ರ ಹತ್ರ ಜಗಳ ಕಾಯ್ಬೇಡ್ವೆ, ನಾಳೆ ಅವ್ರೇ ಬೇಕು." ನಮ್ಮವರಿಗೆ ಪಿ.ಆರ್. (ಕಾಯಂ ವಾಸದ ಅನುಮತಿ) ಇನ್ನೂ ಕೈಗೆ ಬಂದಿಲ್ಲವಲ್ಲ ಅನ್ನುವ ಅಳುಕು. ಇದನ್ನು ನನ್ನ ಹತ್ತಿರ ಬೇರೆಯವರೂ ಕೇಳಿದ್ದಾರೆ, ಸ್ಪಷ್ಟವಾಗಿ ಹೇಳುತ್ತೇನೆ: ಆಸ್ಪತ್ರೆಯ ಮೇಲಿನ ದೂರಿಗೂ ವಲಸೆ ಅರ್ಜಿಗೂ ಸಂಬಂಧವೇ ಇಲ್ಲ. ನನಗೆ ನಾಚಿಕೆ ಬೇರೆ. ಕಲೆ ತಾನೇ, ಜೀವ ಏನು ಹೋಗಲಿಲ್ಲವಲ್ಲ ಅಂತ. ಕ್ವಿಬೆಕ್‌ನ ಜೋಲಿಯೆಟ್‌ನಲ್ಲಿ 2020ರಲ್ಲಿ ಜಾಯ್ಸ್ ಎಶಾಕ್ವಾನ್ ಅನ್ನುವ ಅಟಿಕಮೆಕ್ ಬುಡಕಟ್ಟಿನ ತಾಯಿ ಆಸ್ಪತ್ರೆಯ ಹಾಸಿಗೆಯಲ್ಲಿ ನರಳುತ್ತಿದ್ದಾಗ ಸಿಬ್ಬಂದಿ ಆಕೆಯನ್ನು ಹೀಯಾಳಿಸಿದ್ದು ಆಕೆಯೇ ಫೋನಿನಲ್ಲಿ ನೇರ ಪ್ರಸಾರ ಮಾಡಿದ್ದರಿಂದ ಹೊರಗೆ ಬಂತು. ಆಕೆ ಅವತ್ತೇ ತೀರಿಕೊಂಡರು. ಸಾವು ತಪ್ಪಿಸಬಹುದಿತ್ತು, ಜನಾಂಗೀಯ ತಾತ್ಸಾರವೂ ಅದಕ್ಕೆ ಕಾರಣ ಅಂತ ಮರುವರ್ಷ ಮರಣ ವಿಚಾರಣಾಧಿಕಾರಿ ಹೇಳಿದರು. ಅದರ ಮುಂದೆ ನನ್ನದು ಏನೂ ಅಲ್ಲ. ಆದರೆ ನೋವು ಅಂದಾಗ ಎದ್ದು ಬಂದು ನೋಡಲಿಲ್ಲ ಅನ್ನುವುದು ಚಿಕ್ಕ ಊರಿನ ಚಿಕ್ಕ ವಿಷಯ ಅಂತ ಬಿಡಲು ಮನಸ್ಸು ಬರಲಿಲ್ಲ.

ದಾರಿ ತೋರಿಸಿದ್ದು ಯುಗಾದಿ ಊಟದಲ್ಲಿ ಪಕ್ಕ ಕೂತಿದ್ದ ಮೈಸೂರಿನ ಒಬ್ಬ ಅಕ್ಕ. ಅವರು ಬೇರೊಂದು ಆಸ್ಪತ್ರೆಯಲ್ಲಿ ನರ್ಸ್. "ಮೊದ್ಲು ಚಾರ್ಟ್ ತರಿಸ್ಕೊ. ಅದರಲ್ಲಿ ಏನು ಬರೆದಿದೆ ನೋಡದೆ ಒಂದಕ್ಷರಾನೂ ಬರೀಬೇಡ" ಅಂದರು. ಇಡೀ ವ್ಯವಹಾರದಲ್ಲಿ ನನಗೆ ಸಿಕ್ಕ ಅತಿ ಒಳ್ಳೆ ಸಲಹೆ ಇದು.

ನಿಮ್ಮ ದಾಖಲೆ ಪಡೆಯುವುದು ನಿಮ್ಮ ಹಕ್ಕು. 2004ರ ಆರೋಗ್ಯ ಮಾಹಿತಿ ರಕ್ಷಣೆ ಕಾಯ್ದೆ, ಇಲ್ಲಿಯವರು ಫಿಪಾ ಅಂತಾರೆ, ಅದರ ಪ್ರಕಾರ ಕೇಳಿದ 30 ದಿನದೊಳಗೆ ಉತ್ತರ ಕೊಡಬೇಕು. ಹೆಚ್ಚು ಸಮಯ ಬೇಕಾದರೆ ಕಾರಣ ತಿಳಿಸಿ ಇನ್ನೂ 30 ದಿನ ತೆಗೆದುಕೊಳ್ಳಬಹುದು. ಮೊದಲ 20 ಪುಟಕ್ಕೆ 30 ಡಾಲರ್, ಆಮೇಲೆ ಪುಟಕ್ಕೆ 25 ಸೆಂಟ್ ಅನ್ನುವುದು ಪ್ರಾಂತ್ಯದ ಮಾಹಿತಿ ಮತ್ತು ಖಾಸಗಿತನ ಆಯುಕ್ತರ ಕಚೇರಿ ಒಪ್ಪಿರುವ ಅಳತೆ. ಅದಕ್ಕಿಂತ ತುಂಬಾ ಕೇಳಿದರೆ ಅಥವಾ ಉತ್ತರವೇ ಬರದಿದ್ದರೆ ಅದೇ ಕಚೇರಿಗೆ ಬರೆಯಬಹುದು. ಅರ್ಜಿಯಲ್ಲಿ ಸುಮ್ನೆ 'ನನ್ನ ರೆಕಾರ್ಡ್' ಅಂತ ಬರೆದರೆ ಎರಡು ಪುಟದ ಸಾರಾಂಶ ಕೊಟ್ಟು ಕಳಿಸುತ್ತಾರೆ. ನರ್ಸಿಂಗ್ ನೋಟ್ಸ್, ಔಷಧ ಕೊಟ್ಟ ಸಮಯದ ಹಾಳೆ, ಒಪ್ಪಿಗೆ ಪತ್ರ, ಸೂಜಿ ಹಾಕಿದ ಜಾಗದ ವಿವರ ಅಂತ ಒಂದೊಂದನ್ನೂ ಹೆಸರಿಸಿ ಕೇಳಿ.

ಚಾರ್ಟ್ ಬಂತು. ಆ ದಿನದ ನೋಟ್ಸಿನಲ್ಲಿ ಇದ್ದದ್ದು ಇಷ್ಟು: ಡ್ರಿಪ್ ಕೊಡಲಾಯಿತು, ರೋಗಿ ಚೆನ್ನಾಗಿ ತಡೆದುಕೊಂಡರು, ಮನೆಗೆ ಕಳಿಸಲಾಯಿತು. ಸೋರಿದ್ದು ಇಲ್ಲ. ಸೂಜಿ ಬದಲಿಸಿದ್ದೂ ಇಲ್ಲ. ಓದಿ ಅಡುಗೆಮನೆಯಲ್ಲೇ ಕೂತು ಅತ್ತುಬಿಟ್ಟೆ. ಕಲೆಗಿಂತ ಆ ಸಾಲು ಜಾಸ್ತಿ ಉರಿಯಿತು. ನಾಳೆ ಇನ್ಯಾವ ಡಾಕ್ಟರು ನೋಡಿದರೂ ನನ್ನ ಮಾತಿಗಿಂತ ಆ ಸಾಲಿಗೇ ಬೆಲೆ. ಅವತ್ತು ನಾನು ಏನು ಕೇಳಬೇಕು ಅನ್ನುವುದು ತೀರ್ಮಾನವಾಯಿತು. ದುಡ್ಡಲ್ಲ. ಆ ಸಾಲು ಸರಿಯಾಗಬೇಕು.

ಒಂಟಾರಿಯೋದ ಪ್ರತಿ ಸಾರ್ವಜನಿಕ ಆಸ್ಪತ್ರೆಯಲ್ಲೂ ದೂರು ಕೇಳುವ ವ್ಯವಸ್ಥೆ ಇರಲೇಬೇಕು. ಅದಕ್ಕೆ 'ಪೇಷೆಂಟ್ ರಿಲೇಷನ್ಸ್' ಅಂತಾರೆ. ಫೋನಿನಲ್ಲೂ ಹೇಳಬಹುದು, ನಾನು ಇಮೇಲ್ ಮಾಡಿದೆ. ಮೊದಲ ಕರಡು ಪುಟಗಟ್ಟಲೆ ಇತ್ತು, ತುಂಬ ಸಿಟ್ಟು. ಅಕ್ಕ ಅದನ್ನು ಓದಿ ಒಂದು ಪುಟಕ್ಕೆ ಇಳಿಸಿದರು: ಎಷ್ಟು ಗಂಟೆಗೆ ಏನಾಯಿತು, ನಾನು ಏನು ಹೇಳಿದೆ, ಅವರು ಏನು ಹೇಳಿದರು, ಚಾರ್ಟಿನಲ್ಲಿ ಏನಿದೆ, ನನಗೆ ಏನು ಬೇಕು. ಕೊನೆಯದು ಮುಖ್ಯ. ನಾನು ಕೇಳಿದ್ದು ದಾಖಲೆ ತಿದ್ದಬೇಕು, ಮುಂದಿನವರಿಗೆ ಕಲೆಯ ಅಪಾಯ ಮೊದಲೇ ಹೇಳಬೇಕು, ಉರಿ ಅಂದ ತಕ್ಷಣ ಡ್ರಿಪ್ ನಿಲ್ಲಿಸಿ ನೋಡುವ ಪದ್ಧತಿ ಬರಬೇಕು.

ದೂರು ತಲುಪಿದೆ ಅಂತ ಬೇಗ ಉತ್ತರ ಬಂತು. ಆಮೇಲೆ ಮೌನ. ಮ್ಯಾನೇಜರ್ ರಜೆಯಲ್ಲಿದ್ದಾರೆ, ವಿಚಾರಣೆ ನಡೆಯುತ್ತಿದೆ, ಮುಂದಿನ ವಾರ ತಿಳಿಸುತ್ತೇವೆ. ಫೋನಿನಲ್ಲಿ ಮಾತಾಡಿದ ಮೇಲೆ ಪ್ರತಿ ಸಲ "ಇವತ್ತು ನೀವು ಹೀಗೆ ಹೇಳಿದಿರಿ" ಅಂತ ಒಂದು ಇಮೇಲ್ ಹಾಕುತ್ತಿದ್ದೆ. ಅವರಿಗೆ ಕಿರಿಕಿರಿಯಾಗಿರಬೇಕು. ಆಗಲಿ.

ಕಾದು ಸಾಕಾಗಿ ಪೇಷೆಂಟ್ ಓಂಬುಡ್ಸ್‌ಮನ್ ಕಚೇರಿಗೆ ಬರೆದೆ. ಇದು ರೋಗಿಗಳ ದೂರು ವಿಚಾರಿಸಲು 2016ರಲ್ಲಿ ಶುರುವಾದ ಪ್ರಾಂತ್ಯದ ಕಚೇರಿ, ಒಂದು ಪೈಸೆ ಖರ್ಚಿಲ್ಲ. ಮೊದಲು ಆಸ್ಪತ್ರೆಗೆ ದೂರು ಕೊಟ್ಟಿರಬೇಕು. ಸಾರ್ವಜನಿಕ ಆಸ್ಪತ್ರೆ, ವೃದ್ಧರ ಆರೈಕೆ ಕೇಂದ್ರ, ಮನೆ ಆರೈಕೆ ಇವರ ವ್ಯಾಪ್ತಿಗೆ ಬರುತ್ತವೆ. ಫ್ಯಾಮಿಲಿ ಡಾಕ್ಟರ ಕ್ಲಿನಿಕ್ ಬರುವುದಿಲ್ಲ. ಒಬ್ಬ ಡಾಕ್ಟರ ಅಥವಾ ನರ್ಸಿನ ನಡವಳಿಕೆ ಬಗ್ಗೆಯಾದರೆ ಅವರವರ ಕಾಲೇಜಿಗೇ ಹೋಗಬೇಕು. ಕಾಲೇಜು ಅಂದರೆ ಓದುವ ಕಾಲೇಜಲ್ಲ, ಲೈಸೆನ್ಸ್ ಕೊಡುವ ಸಂಸ್ಥೆ. ಅಲ್ಲಿಯ ಸಮಿತಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಮರುಪರಿಶೀಲನೆ ಕೇಳಬಹುದು. ನಾನು ನರ್ಸಿನ ಮೇಲೆ ಕಾಲೇಜಿಗೆ ಹೋಗಲಿಲ್ಲ. ಆ ಹಾಲಿನಲ್ಲಿ ಅಷ್ಟು ಕುರ್ಚಿಗಳನ್ನು ಒಬ್ಬರೇ ನೋಡುತ್ತಿದ್ದರು. ತಪ್ಪು ಆ ಏರ್ಪಾಟಿನದು ಅನ್ನುವುದು ನನ್ನ ಲೆಕ್ಕ. ನಮ್ಮವರು ಇದನ್ನು ಇವತ್ತಿಗೂ ಒಪ್ಪುವುದಿಲ್ಲ.

ವಕೀಲರ ಹತ್ತಿರವೂ ಒಮ್ಮೆ ಮಾತಾಡಿದೆವು, ಮೊದಲ ಮಾತುಕತೆಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಸಾಮಾನ್ಯವಾಗಿ ಹಾನಿ ಗೊತ್ತಾದ 2 ವರ್ಷದೊಳಗೆ ಕೇಸು ಹಾಕಬೇಕು, ಆದರೆ ಇಷ್ಟಕ್ಕೆ ಕೇಸು ಹಾಕಿದರೆ ಖರ್ಚೇ ಜಾಸ್ತಿ ಅಂದರು. ಅಷ್ಟು ನೇರವಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್ ಹೇಳಿ ಬಂದೆವು.

ಇದರ ಮಧ್ಯೆ ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆಯಾದ ಹೆಲ್ತ್ ಕೆನಡಾಕ್ಕೂ ನಾನೇ ವರದಿ ಮಾಡಿದೆ. ಔಷಧದಿಂದ ತೊಂದರೆಯಾದರೆ ಯಾರು ಬೇಕಾದರೂ ಆನ್‌ಲೈನಿನಲ್ಲಿ ತಿಳಿಸಬಹುದು. ಓಕ್‌ವಿಲ್‌ನ ವನೆಸಾ ಯಂಗ್ ಅನ್ನುವ 15 ವರ್ಷದ ಹುಡುಗಿ 2000ದಲ್ಲಿ ಹೊಟ್ಟೆಯ ತೊಂದರೆಗೆ ಬರೆದುಕೊಟ್ಟ ಸಿಸಾಪ್ರೈಡ್ ತಗೊಂಡು ಹೃದಯ ನಿಂತು ತೀರಿಕೊಂಡಳು. ಅವಳಪ್ಪ ಟೆರೆನ್ಸ್ ಯಂಗ್ ಬೆನ್ನು ಬಿಡದೆ ಹೋರಾಡಿ, ಸಂಸದರೂ ಆಗಿ, 2014ರಲ್ಲಿ ಅವಳ ಹೆಸರಿನ ಕಾಯ್ದೆ ಬರುವಂತೆ ಮಾಡಿದರು. ಆ ಕಾಯ್ದೆಯಡಿ 2019ರ ಡಿಸೆಂಬರ್‌ನಿಂದ ಗಂಭೀರ ಅಡ್ಡ ಪರಿಣಾಮಗಳನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕು. ನನ್ನಂಥ ಕಲೆ ಅಷ್ಟು ಗಂಭೀರದ ಪಟ್ಟಿಗೆ ಸೇರದಿರಬಹುದು. ಅದಕ್ಕೇ ನಾವೇ ಬರೆಯಬೇಕಾಗುತ್ತೆ.

ಓಂಬುಡ್ಸ್‌ಮನ್ ಕಚೇರಿಯವರು ಆಸ್ಪತ್ರೆಗೆ ಫೋನ್ ಮಾಡಿದ ಮೇಲೆ ಚುರುಕು ಬಂತು. ಮೀಟಿಂಗ್ ಕರೆದರು. ಜೊತೆಗೆ ಅಕ್ಕನನ್ನು ಕರೆದೊಯ್ದೆ, ಅವರು ಬರೆದುಕೊಳ್ಳಲು. ನಿಮ್ಮ ಕಡೆಯವರು ಒಬ್ಬರು ಇರಲಿ. ಅಪ್ಪ ಅಮ್ಮ, ಅತ್ತೆ ಮಾವನ ವಿಷಯವಾದರೆ ಇಂಟರ್‌ಪ್ರಿಟರ್ ಬೇಕು ಅಂತ ಮೊದಲೇ ಕೇಳಿ, ಮೊಮ್ಮಕ್ಕಳ ಕೈಲಿ ಹೇಳಿಸಬೇಡಿ. ವಿಭಾಗದ ಮ್ಯಾನೇಜರ್ ಫೋಟೋಗಳನ್ನು ನೋಡಿದರು, ತೋಳನ್ನೂ ನೋಡಿದರು, "ಕ್ಷಮಿಸಿ" ಅಂದರು. ಬರೆದು ಕೊಡಿ ಅಂದೆ. 2009ರ ಕ್ಷಮಾಪಣೆ ಕಾಯ್ದೆ ಪ್ರಕಾರ ಕ್ಷಮೆ ಕೇಳಿದ್ದನ್ನು ಕೋರ್ಟಿನಲ್ಲಿ ತಪ್ಪೊಪ್ಪಿಗೆ ಅಂತ ಬಳಸುವ ಹಾಗಿಲ್ಲ, ಹಾಗಾಗಿ ಅವರು ಹೆದರಬೇಕಾಗಿಲ್ಲ, ನೀವು ಕೇಳಲು ಸಂಕೋಚ ಪಡಬೇಕಾಗೂ ಇಲ್ಲ. ಪತ್ರ ಬಂತು.

ಚಾರ್ಟಿನ ವಿಷಯದಲ್ಲಿ ಅರ್ಧ ಗೆದ್ದೆ. ಸೂಜಿ ಬದಲಿಸಿದ್ದು, ಔಷಧ ಸೋರಿದ್ದು ಈಗ ತಡವಾದ ನಮೂದು ಅಂತ ಸೇರಿದೆ. "ಚೆನ್ನಾಗಿ ತಡೆದುಕೊಂಡರು" ಅನ್ನುವುದು ಸಿಬ್ಬಂದಿಯ ಅಭಿಪ್ರಾಯ, ಅದನ್ನು ತೆಗೆಯಲ್ಲ ಅಂದರು. ಫಿಪಾ ಕಾಯ್ದೆಯಲ್ಲಿ ಅವರಿಗೆ ಆ ಅವಕಾಶ ಇದೆ. ಹಾಗೆ ನಿರಾಕರಿಸಿದಾಗ ನಮ್ಮ ಅಸಮ್ಮತಿಯ ಹೇಳಿಕೆಯನ್ನು ಚಾರ್ಟಿಗೆ ಲಗತ್ತಿಸಲು ಕೇಳಬಹುದು. ನಾನು ಚಿಕ್ಕದಾಗಿ ಬರೆದುಕೊಟ್ಟೆ: ಉರಿಯುತ್ತಿದೆ ಅಂತ ಹೇಳಿದ್ದೆ, ಡ್ರಿಪ್ ನಿಲ್ಲಿಸಲಿಲ್ಲ, ಫೋಟೋ ಜೊತೆಗಿದೆ. ಈಗ ಆ ಸಾಲಿನ ಜೊತೆ ನನ್ನ ಸಾಲೂ ಇದೆ. ಲಗತ್ತಿಸಿದ ಪ್ರತಿಯನ್ನು ಮರೆಯದೆ ಕೇಳಿ ತೆಗೆದುಕೊಳ್ಳಿ.

ಡ್ರಿಪ್‌ಗೆ ಬರುವವರಿಗೆ ಕೊಡುವ ಹಾಳೆಯಲ್ಲಿ ಕಲೆಯ ಬಗ್ಗೆ ಒಂದು ಸಾಲು ಸೇರಿಸಿದ್ದಾರೆ. ಅದು ಇಂಗ್ಲಿಷ್ ಮತ್ತು ಫ್ರೆಂಚಿನಲ್ಲಿ ಮಾತ್ರ ಇದೆ, ಅದರ ಬಗ್ಗೆ ಇನ್ನೊಂದು ಇಮೇಲ್ ಹಾಕಿದ್ದೇನೆ. ಕಲೆಗೆ ಲೇಸರ್ ಮಾಡಿಸಬಹುದು ಅಂತ ಚರ್ಮದ ಡಾಕ್ಟರು ಹೇಳಿದರು. ಅದು ಸೌಂದರ್ಯದ ಲೆಕ್ಕಕ್ಕೆ ಬರುವುದರಿಂದ ಓಹಿಪ್ ಕೊಡಲ್ಲ, ಸದ್ಯಕ್ಕೆ ಬಿಟ್ಟಿದ್ದೇನೆ. ಫೆರಿಟಿನ್ ಮಾತ್ರ ಏರಿದೆ, ಐಸ್ ತಿನ್ನುವ ಚಟ ತಾನಾಗೇ ಬಿಟ್ಟುಹೋಯಿತು. ಗಡ್ಡೆಯ ಆಪರೇಷನ್ ತಾರೀಖು ಇನ್ನೂ ಬರಬೇಕು.

ಬೇರೆ ಪ್ರಾಂತ್ಯದವರಿಗೆ: ಹೆಸರುಗಳು ಬೇರೆ, ಕ್ರಮ ಹೆಚ್ಚು ಕಡಿಮೆ ಇದೇ. ಬ್ರಿಟಿಷ್ ಕೊಲಂಬಿಯಾದಲ್ಲಿ ಮೊದಲು 'ಪೇಷೆಂಟ್ ಕೇರ್ ಕ್ವಾಲಿಟಿ ಆಫೀಸ್', ಅಲ್ಲಿ ಸಮಾಧಾನವಾಗದಿದ್ದರೆ ಅದೇ ಹೆಸರಿನ ರಿವ್ಯೂ ಬೋರ್ಡ್. ಕ್ವಿಬೆಕ್‌ನಲ್ಲಿ ಸೇವಾ ಗುಣಮಟ್ಟ ಮತ್ತು ದೂರುಗಳ ಕಮಿಷನರ್, ಅವರು 45 ದಿನದೊಳಗೆ ಉತ್ತರ ಕೊಡಬೇಕು, ಆಮೇಲೆ 'ಪ್ರೊಟೆಕ್ಟರ್ ದು ಸಿತ್ವಾಯಾಂ', ಅಂದರೆ ಅಲ್ಲಿಯ ಓಂಬುಡ್ಸ್‌ಮನ್. ದೂರಿನ ಕರಡು ನೋಡಿಕೊಡಿ ಅಂತ ಯಾರಾದರೂ ಕೇಳಿದರೆ ನೋಡಿಕೊಡುತ್ತೇನೆ, ಚಾರ್ಟ್ ತರಿಸಿಕೊಂಡ ಮೇಲೆ ಕಳಿಸಿ.